ಈ ವಯಸ್ಸಲ್ಲಿ ಯಾಕೆ ಬಿಡಿ

ಎರಡು ವರ್ಷದ ಹಿಂದೆ ನಮ್ಮ ದೊಡ್ಡಮ್ಮನ ಎದೆಯಲ್ಲಿ ಗಂಟು ಕಾಣಿಸಿತು. ಕಾಣಿಸಿತು ಅನ್ನೋದು ಸರಿಯಲ್ಲ. ಅವರಿಗೆ ಅದು ಏಳೆಂಟು ತಿಂಗಳಿಂದ ಗೊತ್ತಿತ್ತು. 'ವಯಸ್ಸಾದ ಮೈ, ಅಲ್ಲೊಂದು ಇಲ್ಲೊಂದು ಗಂಟು ಇರುತ್ತೆ' ಅಂತ ಯಾರಿಗೂ ಹೇಳಿರಲಿಲ್ಲ, ಅಷ್ಟೆ. ಆಗ ಅವರಿಗೆ 76. ಬಯಾಪ್ಸಿ ರಿಪೋರ್ಟ್ ಬಂದ ರಾತ್ರಿಯೇ ನಮ್ಮ ಮನೆತನದಲ್ಲಿ ಹೊಸ ವಾಟ್ಸಾಪ್ ಗ್ರೂಪ್ ಹುಟ್ಟಿತು. ಹಳೇ ಗ್ರೂಪಿನ ಎಲ್ಲರೂ ಇದ್ದರು, ದೊಡ್ಡಮ್ಮ ಒಬ್ಬರನ್ನು ಬಿಟ್ಟು. ಮೂರು ದೇಶಗಳಿಂದ ಮೆಸೇಜು ಬಂದವು, ಎಲ್ಲದರ ಸಾರ ಒಂದೇ: 'ಈ ವಯಸ್ಸಲ್ಲಿ ಯಾಕೆ ಬಿಡಿ, ಸುಮ್ನೆ ಹಿಂಸೆ.' ನಾನೂ ಒಂದು ಕೈಮುಗಿಯುವ ಇಮೋಜಿ ಹಾಕಿ ಮಲಗಿದೆ. ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಫೈಲಿನ ಮೇಲಿದ್ದ ವಯಸ್ಸು ನೋಡಿದರು, ಅಣ್ಣನ ಕಡೆ ತಿರುಗಿದರು, 'ಕಂಫರ್ಟಬಲ್ ಆಗಿ ಇಟ್ಕೊಳ್ಳಿ' ಅಂದರು. ದೊಡ್ಡಮ್ಮ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು.

ಆ ಡಾಕ್ಟರನ್ನ ಬೈಯೋಕೆ ನನಗೆ ಬಾಯಿಲ್ಲ. ಅವರು ಒಂದು ನಿಮಿಷದಲ್ಲಿ ಹೇಳಿದ್ದನ್ನು ನಾವು ಇಡೀ ರಾತ್ರಿ ಟೈಪ್ ಮಾಡಿದ್ದೆವು. ಆದರೆ ಆ ಮಾತು ಎಲ್ಲಿಂದ ಬಂತು ಅನ್ನೋ ಹುಳ ತಲೆಗೆ ಹೊಕ್ಕಿತು. ಹುಡುಕುತ್ತಾ ಹೋದರೆ, ಅದಕ್ಕೆ ಕೀಮೋಥೆರಪಿಗಿಂತ ಜಾಸ್ತಿ ವಯಸ್ಸಾಗಿದೆ.

1905ರ ಫೆಬ್ರುವರಿ 22. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಸ್ಲರ್ ಅವರ ಬೀಳ್ಕೊಡುಗೆ ಭಾಷಣ. ಆಸ್ಲರ್ ಅಂದರೆ ಸಾಮಾನ್ಯರಲ್ಲ. ಅಲ್ಲಿನ ವೈದ್ಯಕೀಯ ಶಾಲೆಯನ್ನು ಕಟ್ಟಿದ ನಾಲ್ವರಲ್ಲಿ ಒಬ್ಬರು. ಪಾಠ ಪುಸ್ತಕದಲ್ಲಲ್ಲ, ರೋಗಿಯ ಹಾಸಿಗೆ ಪಕ್ಕದಲ್ಲಿದೆ ಅಂತ ಒಂದು ತಲೆಮಾರಿನ ಡಾಕ್ಟರುಗಳಿಗೆ ಕಲಿಸಿದವರು. ಆಕ್ಸ್‌ಫರ್ಡಿಗೆ ಹೊರಟು ನಿಂತಿದ್ದರು, ವಯಸ್ಸು 55. ಆ ದಿನ ಅವರು ತಮಗೆ ಎರಡು ಹುಚ್ಚು ನಂಬಿಕೆಗಳಿವೆ ಅಂದರು. ನಲವತ್ತು ದಾಟಿದವರಿಂದ ಹೊಸದೇನೂ ಹುಟ್ಟೋದು ಕಷ್ಟ ಅನ್ನೋದು ಒಂದು. ಅರವತ್ತು ದಾಟಿದವರಿಂದ ಏನೂ ಪ್ರಯೋಜನವಿಲ್ಲ ಅನ್ನೋದು ಇನ್ನೊಂದು. ಅಷ್ಟಕ್ಕೇ ನಿಲ್ಲಿಸಿದ್ದರೆ ಪರವಾಗಿರಲಿಲ್ಲ. ಆಂಟನಿ ಟ್ರಾಲಪ್ 1882ರಲ್ಲಿ ಬರೆದ ಒಂದು ಕಾದಂಬರಿಯನ್ನು ನೆನೆದು, ಅರವತ್ತಾದವರನ್ನು ಒಂದು ವರ್ಷ ಧ್ಯಾನಕ್ಕೆ ಕೂರಿಸಿ ಆಮೇಲೆ ಕ್ಲೋರೋಫಾರ್ಮ್ ಕೊಟ್ಟು ಕಳಿಸುವ ಆ ಯೋಜನೆಯಲ್ಲಿ ಎಷ್ಟು ಲಾಭವಿದೆ ಅಂತ ನಗೆಯಾಡಿದರು. (ಕಾದಂಬರಿಯ ಲೆಕ್ಕ 67ರಿಂದ 68. ಆಸ್ಲರ್ ನೆನಪಿನಲ್ಲಿ ಅದು ಅರವತ್ತಕ್ಕೆ ಇಳಿದಿತ್ತು. 55ಕ್ಕೇ ಮರೆವು!)

ತಮಾಷೆಗೆ ಹೇಳಿದ್ದು. ಮರುದಿನದ ಪತ್ರಿಕೆಗಳು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಅರವತ್ತಕ್ಕೆ ಕ್ಲೋರೋಫಾರ್ಮ್ ಕೊಡಿ ಅಂತಾರೆ ಆಸ್ಲರ್ ಅನ್ನೋ ಅರ್ಥದ ತಲೆಬರಹಗಳು ದೇಶ ತುಂಬಾ ಹಬ್ಬಿದವು. ಅವರ ಹೆಸರೇ ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದವಾಯಿತು. ಮುದುಕರನ್ನು 'ಆಸ್ಲರೈಸ್' ಮಾಡೋದು ಅಂದರೆ ಮುಗಿಸಿಬಿಡೋದು ಅಂತ. ಪಾಪ, ಅವರ ಮೇಲೆ ಇದನ್ನೊಂದನ್ನೇ ಹೊರಿಸೋದು ಅನ್ಯಾಯ. ಆದರೆ ಇದೇ ಆಸ್ಲರ್ ತಮ್ಮ ಪಠ್ಯಪುಸ್ತಕದಲ್ಲಿ ನ್ಯುಮೋನಿಯಾವನ್ನು ಮುದುಕರ ಗೆಳೆಯ ಅಂತ ಕರೆದಿದ್ದರು. ಬೇಗ, ಹೆಚ್ಚು ನೋವಿಲ್ಲದೆ ಕರೆದೊಯ್ಯುತ್ತೆ ಅನ್ನೋ ಕಾರಣಕ್ಕೆ. 1919ರಲ್ಲಿ ಎಪ್ಪತ್ತರ ಆಸ್ಲರ್ ಅವರ ಹತ್ತಿರ ಆ ಗೆಳೆಯನೇ ಬಂದ. ವಾರಗಟ್ಟಲೆ ನರಳಿಸಿ ಕರೆದೊಯ್ದ.

ಅರವತ್ತು ಅನ್ನೋ ಸಂಖ್ಯೆ ನಮಗೇನೂ ಹೊಸದಲ್ಲ. 'ಅರವತ್ತಕ್ಕೆ ಅರಳು ಮರಳು' ಅಂತ ಯಾವ ಭಾಷಣವೂ ಇಲ್ಲದೆ ನಾವೇ ತೀರ್ಪು ಕೊಟ್ಟಿದ್ದೀವಿ. 'ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ' ಅನ್ನೋದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಬೇಂದ್ರೆಯವರೇನೋ ಅರವತ್ತರ ಆಸುಪಾಸಿನಲ್ಲಿ 'ಅರಳು ಮರಳು' ಅಂತಲೇ ಸಂಕಲನಕ್ಕೆ ಹೆಸರಿಟ್ಟು, ಆ ಬೈಗುಳದೊಳಗೆ 'ಮರಳಿ ಅರಳು' ಅನ್ನೋದೂ ಇದೆ ಅಂತ ತೋರಿಸಿ, 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ತಗೊಂಡರು. ಎಲ್ಲರೂ ಬೇಂದ್ರೆ ಅಲ್ವಲ್ಲ.

ಆಸ್ಲರ್ ಭಾಷಣದ ನಾಲ್ಕು ವರ್ಷದ ನಂತರ, 1909ರಲ್ಲಿ, ನ್ಯೂಯಾರ್ಕಿನ ಇಗ್ನಾಟ್ಸ್ ನಾಶರ್ ಅನ್ನೋ ಡಾಕ್ಟರು ಒಂದು ಹೊಸ ಪದ ಟಂಕಿಸಿದರು: ಜೀರಿಯಾಟ್ರಿಕ್ಸ್. ಮಕ್ಕಳಿಗೆ ಪೀಡಿಯಾಟ್ರಿಕ್ಸ್ ಇರೋ ಹಾಗೆ ಮುದುಕರಿಗೂ ಒಂದು ವೈದ್ಯಶಾಸ್ತ್ರ ಬೇಕು ಅನ್ನೋದು ವಾದ. ಈ ಹಟ ಹುಟ್ಟಿದ್ದಕ್ಕೆ ಒಂದು ಕತೆ ಹೇಳ್ತಾರೆ. ವಿದ್ಯಾರ್ಥಿಯಾಗಿದ್ದಾಗ ಬಡವರ ಆಶ್ರಯಮನೆಯೊಂದರಲ್ಲಿ ಒಬ್ಬ ಅಜ್ಜಿ ಅವರ ಗುರುಗಳ ಹತ್ತಿರ ನೋವು ಅಂತ ಹೇಳಿಕೊಂಡರಂತೆ. ಗುರುಗಳು ನಿಲ್ಲದೆ ಮುಂದೆ ಹೋದರು. ಈಕೆಗೆ ಏನಾಗಿದೆ ಅಂತ ನಾಶರ್ ಕೇಳಿದರೆ, ವಯಸ್ಸಾಗಿದೆ. ಏನು ಮಾಡಬಹುದು ಅಂದರೆ, ಏನೂ ಇಲ್ಲ. ಈ ಎರಡು ಉತ್ತರಗಳ ನಡುವೆ ಒಂದು ಕೆಲಸ ಕಾಣೆಯಾಗಿದೆ, ಗಮನಿಸಿ. ಯಾರೂ ಆ ಅಜ್ಜಿಯನ್ನು ಮುಟ್ಟಿ ನೋಡಲಿಲ್ಲ.

ಮುಟ್ಟಿ ನೋಡಿದವರು ಮಾರ್ಜರಿ ವಾರೆನ್. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆ ಪಕ್ಕದ ಬಡವರ ಶುಶ್ರೂಷಾಲಯವನ್ನು ತನ್ನ ವಶಕ್ಕೆ ತಗೊಂಡಾಗ ಅಲ್ಲಿದ್ದ 714 ರೋಗಿಗಳು ಇವರ ಪಾಲಿಗೆ ಬಂದರು. ವರ್ಷಗಟ್ಟಲೆ ಹಾಸಿಗೆ ಹಿಡಿದವರು, ವಾಸಿಯಾಗದವರು ಅಂತ ಹಣೆಪಟ್ಟಿ ಅಂಟಿದವರು. ವಾರೆನ್ ಒಬ್ಬೊಬ್ಬರನ್ನೇ ಪರೀಕ್ಷೆ ಮಾಡುತ್ತಾ ಹೋದರು. ಎಷ್ಟೋ ಜನ ಹಾಸಿಗೆಯಲ್ಲಿ ಇದ್ದದ್ದು ಕಾಯಿಲೆಗಲ್ಲ, ಯಾರೂ ಎಬ್ಬಿಸದೆ ಇದ್ದದ್ದಕ್ಕೆ. ವಾರ್ಡಿಗೆ ಬೆಳಕು ಬರೋ ಬಣ್ಣ ಬಳಿಸಿದರು, ನಡೆಯೋದು ಕಲಿಸಿದರು, ತುಂಬಾ ಜನರನ್ನು ವಾಪಸ್ ಮನೆಗೆ ಕಳಿಸಿದರು. ಇವರ ಹತ್ತಿರ ಯಾವ ಹೊಸ ಔಷಧಿಯೂ ಇರಲಿಲ್ಲ.

ಇಷ್ಟೆಲ್ಲ ಆದರೂ ಈ ಮನೋಭಾವಕ್ಕೆ ಒಂದು ಹೆಸರು ಸಿಗೋಕೆ 1969 ಬರಬೇಕಾಯಿತು. ವಾಷಿಂಗ್ಟನ್ ಪಕ್ಕದ ಚೆವಿ ಚೇಸ್ ಅನ್ನೋ ಅನುಕೂಲಸ್ಥರ ಬಡಾವಣೆಯಲ್ಲಿ ಒಂದು ಅಪಾರ್ಟ್‌ಮೆಂಟ್ ಕಟ್ಟಡವನ್ನು ಬಡ ವೃದ್ಧರ ವಸತಿಗೆ ಕೊಡೋಣ ಅಂತ ಸರ್ಕಾರ ಹೊರಟಾಗ, ನಿವಾಸಿಗಳು ಸಿಡಿದೆದ್ದರು. (ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗಿಗೆ ಹೋದವರು ಆ ದೃಶ್ಯವನ್ನು ಕಲ್ಪಿಸಿಕೊಳ್ಳಬಹುದು.) ಅಲ್ಲಿನ ಮನೋವೈದ್ಯ ರಾಬರ್ಟ್ ಬಟ್ಲರ್ ಒಬ್ಬ ಯುವ ವರದಿಗಾರನ ಹತ್ತಿರ ಮಾತಾಡುತ್ತಾ, ಇದು ಬರೀ ಜನಾಂಗದ್ವೇಷ ಅಲ್ಲ, ಇದು 'ಏಜಿಸಂ' ಅಂದರು. ಆ ವರದಿಗಾರ ಕಾರ್ಲ್ ಬರ್ನ್‌ಸ್ಟೀನ್, ಮುಂದೆ ವಾಟರ್‌ಗೇಟ್ ಹಗರಣ ಬಯಲು ಮಾಡಿದವರಲ್ಲಿ ಒಬ್ಬ. ಬಟ್ಲರ್ ಬೆಳೆದದ್ದು ಅಜ್ಜ ಅಜ್ಜಿಯ ಮನೆಯಲ್ಲಿ. ಮೆಡಿಕಲ್ ಕಾಲೇಜಿಗೆ ಹೋದ ಮೇಲೆ ಅಲ್ಲಿ ಮುದುಕರ ಬಗ್ಗೆ ಆಡೋ ಮಾತು ಕೇಳಿ ಅವರಿಗೆ ದಿಗಿಲಾಗಿತ್ತು. ನಮ್ಮಂಥವರು ಅವರನ್ನು ಅರ್ಥ ಮಾಡಿಕೊಳ್ಳೋದು ಸುಲಭ ಅನ್ಸುತ್ತೆ. ಅಜ್ಜಿಮನೆಯಲ್ಲಿ ಬೆಳೆದವನಿಗೆ ಮುದುಕಿ ಅಂದರೆ ಒಂದು ವಯಸ್ಸಲ್ಲ, ಒಬ್ಬ ಮನುಷ್ಯಳು.

ಈಗ ಕ್ಯಾನ್ಸರಿಗೆ ಬರೋಣ. ಕ್ಯಾನ್ಸರ್ ಮುಖ್ಯವಾಗಿ ವಯಸ್ಸಾದವರ ಕಾಯಿಲೆ. ಆದರೆ ಅದರ ವಿರುದ್ಧದ ಹೋರಾಟ ಜನರ ಮನಸ್ಸಿಗೆ ನಾಟಿದ್ದು ಮಕ್ಕಳ ಮುಖದಿಂದ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಔಷಧಿ ಕೊಟ್ಟು ಕೆಲಕಾಲವಾದರೂ ಕಾಯಿಲೆ ಹಿಮ್ಮೆಟ್ಟಿದ್ದನ್ನು ಪ್ರಕಟಿಸಿದರು. ಅದೇ ವರ್ಷ 'ಜಿಮ್ಮಿ' ಅಂತ ಹೆಸರಿಟ್ಟ ಒಬ್ಬ ಹುಡುಗನ ದನಿ ರೇಡಿಯೋದಲ್ಲಿ ಬಂದು ಚಂದಾ ಹರಿದು ಬಂತು. ಮಗುವಿಗೆ ಕ್ಯಾನ್ಸರ್ ಅಂದರೆ ಅನ್ಯಾಯ. ಅಜ್ಜಿಗೆ ಕ್ಯಾನ್ಸರ್ ಅಂದರೆ, ಪಾಪ, ವಯಸ್ಸಾಗಿತ್ತು. ಈ ಭಾವನೆ ತಪ್ಪು ಅಂತ ನಾನು ಹೇಳ್ತಿಲ್ಲ, ನನಗೂ ಹಾಗೇ ಅನಿಸುತ್ತೆ. ತೊಂದರೆ ಏನಪ್ಪಾ ಅಂದರೆ, ಆ ಭಾವನೆ ಸದ್ದಿಲ್ಲದೆ ವಿಜ್ಞಾನದೊಳಕ್ಕೂ ನುಗ್ಗಿತು.

ಹೇಗೆ ಅಂದರೆ, ಯಾವ ಔಷಧಿ ಯಾರಿಗೆ ಎಷ್ಟು ಅನ್ನೋದು ತೀರ್ಮಾನ ಆಗೋದು ಕ್ಲಿನಿಕಲ್ ಟ್ರಯಲ್‌ಗಳಲ್ಲಿ. 1999ರಲ್ಲಿ ಲಾರಾ ಹಚಿನ್ಸ್ ಮತ್ತು ಸಂಗಡಿಗರು ಅಮೆರಿಕದ ಒಂದು ದೊಡ್ಡ ಟ್ರಯಲ್ ಜಾಲದಲ್ಲಿ 1993ರಿಂದ 1996ರವರೆಗೆ ಸೇರಿದ 16,396 ರೋಗಿಗಳ ವಯಸ್ಸನ್ನು ಲೆಕ್ಕ ಹಾಕಿದರು. ದೇಶದ ಕ್ಯಾನ್ಸರ್ ರೋಗಿಗಳಲ್ಲಿ ಶೇ. 63ರಷ್ಟು ಜನ 65 ದಾಟಿದವರು. ಟ್ರಯಲ್‌ಗಳಲ್ಲಿ ಅವರ ಪಾಲು ಶೇ. 25. ಸ್ತನ ಕ್ಯಾನ್ಸರಿನಲ್ಲಂತೂ ಶೇ. 49 ಇರಬೇಕಾದ ಕಡೆ ಬರೀ 9. ಅಂದರೆ ಕಾಯಿಲೆ ಹೆಚ್ಚಾಗಿ ಬರೋದು ಒಬ್ಬರಿಗೆ, ಔಷಧಿಯ ಅಳತೆ ತಗೊಳ್ಳೋದು ಇನ್ನೊಬ್ಬರ ಮೈಮೇಲೆ. ಮೊಮ್ಮಗನ ಅಳತೆ ಕೊಟ್ಟು ಅಜ್ಜನಿಗೆ ಅಂಗಿ ಹೊಲಿಸಿದ ಹಾಗೆ.

ಮುದುಕರೇ ಬೇಡ ಅಂದಿರಬಹುದಲ್ಲ? ನಾನೂ ಹಾಗೇ ಅಂದುಕೊಂಡೆ. 2003ರಲ್ಲಿ ಮಾರ್ಗರೆಟ್ ಕೆಮೆನಿ ಮತ್ತು ಸಂಗಡಿಗರು ಸ್ತನ ಕ್ಯಾನ್ಸರಿನ ಹೆಂಗಸರಲ್ಲಿ ಇದನ್ನೇ ನೋಡಿದರು. ಎರಡನೇ ಹಂತದ ಕಾಯಿಲೆಯಿದ್ದ ಕಿರಿಯರಲ್ಲಿ ಶೇ. 68ರಷ್ಟು ಮಂದಿಗೆ ಟ್ರಯಲ್‌ಗೆ ಸೇರ್ತೀರಾ ಅಂತ ಕೇಳಲಾಗಿತ್ತು, 65 ದಾಟಿದವರಲ್ಲಿ ಶೇ. 34ಕ್ಕೆ ಮಾತ್ರ. ಆದರೆ ಕೇಳಿದಾಗ ಹೂಂ ಅಂದವರು? ಕಿರಿಯರಲ್ಲಿ ಶೇ. 56, ಹಿರಿಯರಲ್ಲಿ ಶೇ. 50. ಹೆಚ್ಚುಕಮ್ಮಿ ಒಂದೇ. ಈ ಸಂಖ್ಯೆ ಓದಿದ ದಿನ ನಾನು ನಮ್ಮ ಹೊಸ ವಾಟ್ಸಾಪ್ ಗ್ರೂಪನ್ನು ಮತ್ತೆ ತೆಗೆದು ಮೇಲಿಂದ ಕೆಳಗೆ ನೋಡಿದೆ. ನೂರಾರು ಮೆಸೇಜು. 'ದೊಡ್ಡಮ್ಮ ಏನಂತಾರೆ?' ಅಂತ ಒಂದೂ ಇರಲಿಲ್ಲ.

ಇಲ್ಲಿಗೆ ಕತೆ ಮುಗಿದಿದ್ದರೆ ಸುಲಭ ಇತ್ತು. ಮುದುಕರಿಗೂ ಎಲ್ಲರ ಹಾಗೆ ಪೂರ್ತಿ ಕೀಮೋ ಕೊಡಿ, ಏಜಿಸಂ ಮುರ್ದಾಬಾದ್ ಅಂದುಬಿಡಬಹುದಿತ್ತು. ಆದರೆ ಆಮೇಲೆ ನಡೆದ ಮೂರು ಟ್ರಯಲ್‌ಗಳು ಮೂರು ದಿಕ್ಕಿಗೆ ಎಳೆಯುತ್ತವೆ.

ಮೊದಲನೆಯದು ಫ್ರಾನ್ಸಿನ ಬರ್ಟ್ರಾಂಡ್ ಕ್ವಾಫಿಯೆ ತಂಡದ್ದು, 2002. ಲಿಂಫೋಮಾದ ಒಂದು ಉಗ್ರ ಬಗೆ ಬಂದ, 60ರಿಂದ 80 ವರ್ಷದ 399 ಜನ. ಅರ್ಧದಷ್ಟು ಜನಕ್ಕೆ ಹಳೇ ಕೀಮೋ, ಉಳಿದವರಿಗೆ ಅದರ ಜೊತೆ ರಿಟುಕ್ಸಿಮ್ಯಾಬ್ ಅನ್ನೋ ಹೊಸ ಔಷಧಿ. ಎರಡು ವರ್ಷದ ನಂತರ ಹಳೇ ಗುಂಪಿನಲ್ಲಿ ಬದುಕಿದ್ದವರು ಶೇ. 57, ಹೊಸ ಗುಂಪಿನಲ್ಲಿ ಶೇ. 70. ಇಪ್ಪತ್ತೈದು ವರ್ಷದಿಂದ ಅಲುಗದೆ ನಿಂತಿದ್ದ ಚಿಕಿತ್ಸೆ ಬದಲಾದದ್ದು ಅಜ್ಜ ಅಜ್ಜಿಯರ ಮೇಲೆ ನಡೆದ ಟ್ರಯಲ್‌ನಿಂದ. ಇವತ್ತು ಮೂವತ್ತರ ಹುಡುಗನಿಗೆ ಈ ಲಿಂಫೋಮಾ ಬಂದರೂ ಆ ಔಷಧಿ ಸಿಗುತ್ತೆ. ಇಲ್ಲಿ ಅಳತೆ ಅಜ್ಜಂದು, ಅಂಗಿ ಮೊಮ್ಮಗಂದು.

ಎರಡನೆಯದು ನನ್ನನ್ನು ತುಂಬಾ ಕಾಡಿದ್ದು. ಹೈಮನ್ ಮಸ್ ಅನ್ನೋ ಅಮೆರಿಕದ ವೈದ್ಯರು ಒಂದು ಕರುಣೆಯ ಪ್ರಶ್ನೆ ಇಟ್ಟುಕೊಂಡು ಹೊರಟರು. ಆರಂಭದ ಹಂತದ ಸ್ತನ ಕ್ಯಾನ್ಸರ್ ಬಂದ, 65 ದಾಟಿದ ಹೆಂಗಸರಿಗೆ ಡ್ರಿಪ್ಪು, ವಾಂತಿ, ಕೂದಲು ಉದುರೋದು ಇದೆಲ್ಲ ಯಾಕೆ, ಮನೆಯಲ್ಲೇ ನುಂಗೋ ಒಂದು ಮಾತ್ರೆ ಕೊಟ್ಟರೆ ಸಾಕಾಗಲ್ವಾ? ಮಾತ್ರೆ ಕೇಪ್‌ಸಿಟಬೀನ್. 633 ಹೆಂಗಸರು ಸೇರಿದರು, 2009ರಲ್ಲಿ ಫಲಿತಾಂಶ ಬಂತು. ಮಾತ್ರೆ ತಗೊಂಡವರಿಗೆ ಹಿಂಸೆ ಕಮ್ಮಿ ಆಗಿತ್ತು, ಸುಳ್ಳಲ್ಲ: ತಕ್ಕಮಟ್ಟಿನಿಂದ ತೀವ್ರ ಅಡ್ಡಪರಿಣಾಮ ಆದವರು ಅಲ್ಲಿ ಶೇ. 33, ಮಾಮೂಲಿ ಕೀಮೋದಲ್ಲಿ ಶೇ. 64. ಆದರೆ ಮೂರು ವರ್ಷದ ಹೊತ್ತಿಗೆ ಕಾಯಿಲೆ ಮರುಕಳಿಸದೆ ಉಳಿದವರು ಮಾತ್ರೆಯ ಗುಂಪಿನಲ್ಲಿ ಶೇ. 68, ಮಾಮೂಲಿ ಕೀಮೋದಲ್ಲಿ ಶೇ. 85. ಕರುಣೆಗೂ ಒಂದು ಬೆಲೆ ಇತ್ತು, ಅದನ್ನು ಕಟ್ಟಿದವರು ರೋಗಿಗಳು. ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ಮಸ್ ತಮ್ಮ ಕರುಣೆಯನ್ನು ಪರೀಕ್ಷೆಗೆ ಒಡ್ಡಿದರು, ಅದಕ್ಕೇ ನಮಗೆ ಬೆಲೆ ಗೊತ್ತಾಯಿತು. ಕ್ಲಿನಿಕ್ಕುಗಳಲ್ಲಿ 'ವಯಸ್ಸಾಗಿದೆ, ಸ್ವಲ್ಪ ಕಮ್ಮಿ ಡೋಸ್ ಕೊಡೋಣ' ಅಂತ ನಡೆಯೋ ಕರುಣೆಗೆ ಲೆಕ್ಕವೇ ಇರಲ್ಲ.

ಹಾಗಾದರೆ ಕಮ್ಮಿ ಕೊಡೋದು ಯಾವಾಗಲೂ ತಪ್ಪಾ? ಅದೂ ಅಲ್ಲ. 2004ರಲ್ಲಿ ಕೆವಿನ್ ಹ್ಯೂಸ್ ತಂಡ 70 ದಾಟಿದ 636 ಹೆಂಗಸರ ಫಲಿತಾಂಶ ಪ್ರಕಟಿಸಿತು. ಹಾರ್ಮೋನಿಗೆ ಸ್ಪಂದಿಸುವ ಚಿಕ್ಕ ಗೆಡ್ಡೆ, ಅದನ್ನಷ್ಟೇ ತೆಗೆದು ಟಾಮಾಕ್ಸಿಫೆನ್ ಮಾತ್ರೆ ಕೊಟ್ಟಿದ್ದು. ಅರ್ಧದಷ್ಟು ಮಂದಿಗೆ ರೇಡಿಯೇಶನ್ನೂ ಸೇರಿತ್ತು. ಐದು ವರ್ಷದಲ್ಲಿ ಅದೇ ಜಾಗದಲ್ಲಿ ಕಾಯಿಲೆ ಮರಳಿದ್ದು ರೇಡಿಯೇಶನ್ ತಗೊಂಡವರಲ್ಲಿ ಶೇ. 1, ತಗೊಳ್ಳದವರಲ್ಲಿ ಶೇ. 4. ಬದುಕುಳಿದವರ ಪ್ರಮಾಣ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ದಿನಾ ಆಸ್ಪತ್ರೆಗೆ ಓಡಾಡೋ ಆ ವಾರಗಳು ಬೇಡ ಅಂತ ಒಬ್ಬ ಎಪ್ಪತ್ತೈದರ ಹೆಂಗಸು ಹೇಳಿದರೆ, ಆ ಮಾತಿಗೆ ಈಗ ಆಧಾರ ಇದೆ.

ಹಾಗಾಗಿ ವಯಸ್ಸು ಅನ್ನೋ ಒಂದು ಸಂಖ್ಯೆಯಿಂದ ಏನೂ ತಿಳಿಯಲ್ಲ. ಏನು ಕೇಳಿದರೆ ತಿಳಿಯುತ್ತೆ? ಕ್ಯಾಲಿಫೋರ್ನಿಯಾದ ಆರತಿ ಹರಿಯಾ ಅದನ್ನು ಹುಡುಕಿದರು. 65 ದಾಟಿದ 500 ರೋಗಿಗಳನ್ನು ಏಳು ಆಸ್ಪತ್ರೆಗಳಲ್ಲಿ ಹಿಂಬಾಲಿಸಿ, ಕೀಮೋ ಯಾರಿಗೆ ಹೆಚ್ಚು ಹಾನಿ ಮಾಡುತ್ತೆ ಅಂತ 2011ರಲ್ಲಿ ತೋರಿಸಿದರು. ಒಟ್ಟಾರೆ ಶೇ. 53 ಜನಕ್ಕೆ ತೀವ್ರ ಅಡ್ಡಪರಿಣಾಮ ಆಗಿತ್ತು. ಯಾರಿಗೆ ಅಂತ ಊಹಿಸೋಕೆ ಸಹಾಯ ಮಾಡಿದ ಪ್ರಶ್ನೆಗಳು ನಮ್ಮೂರ ಕಟ್ಟೆ ಮೇಲೆ ಕೇಳೋ ಥರದವು. ಕಳೆದ ಆರು ತಿಂಗಳಲ್ಲಿ ಬಿದ್ದಿದ್ದೀರಾ? ಕಿವಿ ಚೆನ್ನಾಗಿ ಕೇಳುತ್ತಾ? ಮಾತ್ರೆ ನೀವೇ ತಗೋತೀರಾ, ಯಾರಾದರೂ ಕೊಡಬೇಕಾ? ಒಂದು ಬೀದಿ ನಡೆಯೋಕಾಗುತ್ತಾ? ನೆಂಟರು ಸ್ನೇಹಿತರ ಮನೆಗೆ ಹೋಗೋದು ಕಮ್ಮಿಯಾಗಿದೆಯಾ? ಡಾಕ್ಟರುಗಳು ರೋಗಿಯನ್ನು ನೋಡಿ ಕೊಡೋ ಮಾಮೂಲಿ ಅಂಕ ಈ ಪ್ರಶ್ನೆಗಳ ಮುಂದೆ ಮಂಕಾಯಿತು. ವೃದ್ಧರಿಗಾಗಿ ಇಷ್ಟು ಮಾಡಿದ ಹರಿಯಾ 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು, 48ಕ್ಕೆ.

ಕೇಳಿದರೆ ನಿಜಕ್ಕೂ ಏನಾದರೂ ಬದಲಾಗುತ್ತಾ? 2021ರಲ್ಲಿ ಸುಪ್ರಿಯಾ ಮೊಹಿಲೆ ತಂಡ 70 ದಾಟಿದ, ಕ್ಯಾನ್ಸರ್ ಮುಂದುವರಿದಿದ್ದ 718 ಜನರಲ್ಲಿ ಇದನ್ನೇ ನೋಡಿತು. ಎಲ್ಲರಿಗೂ ಇಂಥ ಪ್ರಶ್ನೆಗಳನ್ನು ಕೇಳಿದ್ದರು. ಒಂದು ಗುಂಪಿನಲ್ಲಿ ಉತ್ತರಗಳ ಸಾರ, ಅದಕ್ಕೆ ಏನು ಮಾಡಬಹುದು ಅನ್ನೋ ಸಲಹೆ ಡಾಕ್ಟರ ಕೈಗೆ ಹೋಯಿತು, ಇನ್ನೊಂದರಲ್ಲಿ ಹೋಗಲಿಲ್ಲ. ತೀವ್ರ ಅಡ್ಡಪರಿಣಾಮ ಶೇ. 71ರಿಂದ 51ಕ್ಕೆ ಇಳಿಯಿತು. ಆರು ತಿಂಗಳ ಬದುಕುಳಿಯುವಿಕೆಯಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಮುಂಬಯಿಯ ಟಾಟಾ ಮೆಮೋರಿಯಲ್‌ನಲ್ಲಿ 2018ರಿಂದ ವೃದ್ಧ ಕ್ಯಾನ್ಸರ್ ರೋಗಿಗಳಿಗೇ ಅಂತ ಒಂದು ಕ್ಲಿನಿಕ್ ನಡೀತಿದೆ. ಈ ಪ್ರಶ್ನೆಗಳನ್ನು ನಮ್ಮ ಭಾಷೆಗಳಲ್ಲಿ ಕೇಳೋಕೆ ಯಾವ ಯಂತ್ರವೂ ಬೇಕಿಲ್ಲ, ಸಮಯ ಬೇಕು.

ಇನ್ನು ರೋಗಿಯ ಸ್ವಂತ ಮನೋಭಾವ. ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ 2002ರಲ್ಲಿ ಒಹಾಯೋದ ಒಂದು ಪುಟ್ಟ ಊರಿನ 660 ಜನರ ಹಳೇ ಉತ್ತರಗಳನ್ನು ತೆಗೆದರು. 1975ರಲ್ಲಿ, ಐವತ್ತು ದಾಟಿದ್ದ ಇವರನ್ನು ವಯಸ್ಸಾಗೋದರ ಬಗ್ಗೆ ಏನನ್ಸುತ್ತೆ ಅಂತ ಕೇಳಲಾಗಿತ್ತು. ಒಳ್ಳೆಯ ಭಾವನೆ ಇದ್ದವರು ಇಲ್ಲದವರಿಗಿಂತ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ತಕ್ಷಣ ಇದನ್ನು 'ಪಾಸಿಟಿವ್ ಆಗಿರಿ' ಅಂತ ಫಾರ್ವರ್ಡ್ ಮಾಡೋಕೆ ಕೈ ತುರಿಸುತ್ತೆ, ತಡೀರಿ. 2007ರಲ್ಲಿ ಜೇಮ್ಸ್ ಕಾಯ್ನ್ ತಲೆ ಮತ್ತು ಕುತ್ತಿಗೆ ಕ್ಯಾನ್ಸರಿನ 1,093 ರೋಗಿಗಳಲ್ಲಿ ಮನಸ್ಸಿನ ಉಲ್ಲಾಸಕ್ಕೂ ಬದುಕುಳಿಯೋದಕ್ಕೂ ಸಂಬಂಧ ಇದೆಯಾ ಅಂತ ಹುಡುಕಿದರು. ಸಿಗಲಿಲ್ಲ. ಗೆಡ್ಡೆಗೆ ನಮ್ಮ ಮೂಡು ಗೊತ್ತಾಗಲ್ಲ. ಲೆವಿಯ ಮುಂದಿನ ಅಧ್ಯಯನವೊಂದರಲ್ಲಿ ಒಂದು ಸುಳಿವಿದೆ: ವಯಸ್ಸಾಗೋದನ್ನು ಶಾಪ ಅಂದುಕೊಳ್ಳದವರು ನಂತರದ ವರ್ಷಗಳಲ್ಲಿ ಚೆಕಪ್, ಊಟ, ಮಾತ್ರೆ ಇವನ್ನೆಲ್ಲ ಹೆಚ್ಚು ಸರಿಯಾಗಿ ಪಾಲಿಸಿದ್ದರು. ಮನೋಭಾವ ಕೆಲಸ ಮಾಡೋ ಒಂದು ದಾರಿ ಅದು ಇರಬೇಕು. ದೊಡ್ಡಮ್ಮ ಆ ಏಳೆಂಟು ತಿಂಗಳು ಸುಮ್ಮನಿದ್ದದ್ದು ಧೈರ್ಯ ಇಲ್ಲದೆ ಅಲ್ಲ. ಎಪ್ಪತ್ತಾರಕ್ಕೆ ಗಂಟು ಸಹಜ ಅಂತ ನಂಬಿಕೊಂಡಿದ್ದರಿಂದ. ಆ ನಂಬಿಕೆಯನ್ನು ಅವರ ತಲೆಗೆ ತುಂಬಿದವರು ಯಾರು ಅಂತ ಹುಡುಕೋಕೆ ಬಾಲ್ಟಿಮೋರಿನವರೆಗೆ ಹೋಗಬೇಕಿಲ್ಲ.

ಅಂದ ಹಾಗೆ, ಏಜಿಸಂಗೆ ಹೆಸರಿಟ್ಟ ಬಟ್ಲರ್ ತೀರಿಕೊಂಡಿದ್ದು 2010ರಲ್ಲಿ, 83ಕ್ಕೆ. ರಕ್ತದ ಕ್ಯಾನ್ಸರ್. ಕೊನೆಯ ದಿನಗಳವರೆಗೂ ಆಫೀಸಿಗೆ ಹೋಗ್ತಿದ್ದರು.

ದೊಡ್ಡಮ್ಮನ್ನ ಎರಡನೇ ಅಭಿಪ್ರಾಯಕ್ಕೆ ಅಂತ ಇನ್ನೊಂದು ಕಡೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರಮ್ಮ ಫೈಲು ಪಕ್ಕಕ್ಕಿಟ್ಟು, 'ದಿನಾ ಎಷ್ಟು ದೂರ ನಡೀತೀರಾ ಅಮ್ಮ?' ಅಂತ ಅವರನ್ನೇ ಕೇಳಿದರು. 'ಬೆಳಿಗ್ಗೆ ತೋಟಕ್ಕೆ ಹೋಗಿ ಬರ್ತೀನಿ ಕಣಮ್ಮ. ಕರೆಂಟ್ ಬಂದಾಗ ಮೋಟ್ರು ಆನ್ ಮಾಡೋಳು ನಾನೇ ತಾನೇ.' ಅಣ್ಣನಿಗೆ ಈ ವಿಷಯ ಗೊತ್ತೇ ಇರಲಿಲ್ಲ, ಆಳು ಮಾಡ್ತಾನೆ ಅಂದುಕೊಂಡಿದ್ದ. ಬಿದ್ದದ್ದು, ಮಾತ್ರೆ, ಕಿವಿ ಎಲ್ಲ ಕೇಳಿ ಆದ ಮೇಲೆ ಆಪರೇಷನ್ನು, ಕೀಮೋ ಬಗ್ಗೆ ವಿವರವಾಗಿ ಹೇಳಿ, ನಿಮ್ಮದೇನಾದ್ರೂ ಕೇಳೋದಿದೆಯಾ ಅಂದರು.

'ಕೂದ್ಲು ಉದುರೋಗುತ್ತಾ?'

ನಾವೆಲ್ಲ ನಕ್ಕುಬಿಟ್ಟೆವು. ಅಣ್ಣ, 'ಅಮ್ಮಾ, ಈ ವಯಸ್ಸಲ್ಲಿ ನಿಂಗೆ ಕೂದ್ಲು ಚಿಂತೆನಾ?' ಅಂದ.

ದೊಡ್ಡಮ್ಮ ಅವನ ತಲೆ ಕಡೆ ಒಂದು ಸಲ ನೋಡಿದರು. 'ನೀನು ನಲವತ್ತಕ್ಕೆ ದುಡ್ಡು ಕೊಟ್ಟು ನೆಡಿಸ್ಕೊಂಡ್ ಬರ್ಲಿಲ್ವೇನೋ?'